ಗೋವಳರ ಪಾದಗಳು

ಅಂಗಿ ತೆಗೆಯಬೇಕೆಂದು ಯಾರೂ ಹೇಳಲಿಲ್ಲ. ಮಠದ ಮೆನೇಜರು ಒಳ ಅಂಗಳದ ಬಾಗಿಲಿನ ಪಕ್ಕ ಸಾಲಾಗಿ ಹೊಡೆದಿದ್ದ ಮರದ ಗೂಟಗಳನ್ನು ಒಮ್ಮೆ ನೋಡಿದರು, ಆಮೇಲೆ ರೆಜಿನಾಲ್ಡನ ಮುಖ ನೋಡಿದರು, ಏನೂ ಹೇಳದೆ ನಿಂತರು. ಆ ನಿಲ್ಲುವಿಕೆಯಲ್ಲಿ ಒರಟುತನ ಇರಲಿಲ್ಲ, ಬದಲಿಗೆ ಒಂದು ಸಂಕೋಚವಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಗದರಿಸಿದ್ದರೆ ಸುಲಭವಾಗುತ್ತಿತ್ತು. ಅವನು ಕ್ಯಾಮರಾದ ಚೀಲ ಕೆಳಗಿಟ್ಟು ಗುಂಡಿ ಬಿಚ್ಚತೊಡಗಿದ. ಐವತ್ತನಾಲ್ಕು ವರ್ಷದ ಹೊಟ್ಟೆ, ನರೆತ ಎದೆಗೂದಲು, ಕೊರಳಿನಲ್ಲಿ ತಾಯಿ ಹಾಕಿದ್ದ ಬೆಂತಿನ್, ಅಂದರೆ ದಾರದಲ್ಲಿ ಪೋಣಿಸಿದ ಕಂದು ಬಟ್ಟೆಯ ಎರಡು ಚೌಕಗಳು. ಮದುವೆಯ ಫೋಟೋ ತೆಗೆಯಲು ಎಷ್ಟೋ ದೇವಸ್ಥಾನಗಳಲ್ಲಿ ಹೀಗೆ ಬರಿಮೈಯಲ್ಲಿ ಓಡಾಡಿದವನೇ. ಆದರೆ ಅಲ್ಲಿ ಗದ್ದಲ, ಎಲ್ಲರ ಕಣ್ಣು ಮದುಮಗಳ ಮೇಲೆ, ಫೋಟೋಗ್ರಾಫರನನ್ನು ಯಾರು ನೋಡುತ್ತಾರೆ. ಇಲ್ಲಿ ಬೆಳಗಿನ ಒಂಬತ್ತು ಗಂಟೆಯ ಖಾಲಿ ಅಂಗಳದಲ್ಲಿ ಅವನೊಬ್ಬನೇ ನೋಡುವುದಕ್ಕೆ ಇದ್ದ ವಸ್ತು. ಅಂಗಿಯ ಜೊತೆಗೇ ತಾನಾಗಿ ಕಳಚಿತೆಂಬಂತೆ ಬೆಂತಿನನ್ನೂ ತಲೆಯ ಮೇಲಿನಿಂದ ತೆಗೆದು ಅಂಗಿಯ ಕಿಸೆಗೆ ತುರುಕಿದ.

“ಅದು ಇರ್ಲಿ ಮಾರಾಯ್ರೆ,” ಎಂದರು ಮೆನೇಜರು. “ಅದಕ್ಕೆ ಎಂತ ತೊಂದರೆ ಉಂಟು?”

“ಬೆವರಿಗೆ ತುರಿಸ್ತದೆ,” ಎಂದ ರೆಜಿನಾಲ್ಡ.

ದೀಪಾವಳಿ ಕಳೆದು ವಾರವಾಗಿತ್ತು. ಅಂಗಳದಲ್ಲಿ ಬೆವರುವಂಥ ಬಿಸಿಲೇ ಇರಲಿಲ್ಲ.

ನೆಕ್ಕರೆಜಾಲು ಮಠ ಮುಳ್ಳೇರಿಯ ಪೇಟೆ ದಾಟಿ, ರಬ್ಬರ್ ಮರಗಳ ನಡುವೆ ಇಳಿಯುವ ರಸ್ತೆಯ ಕೊನೆಯಲ್ಲಿತ್ತು. ಮುರಕಲ್ಲಿನ ದಪ್ಪ ಗೋಡೆ, ತಾಮ್ರದ ತಗಡಿನ ಮಾಡು, ಹಲಸಿನ ಮರದ ಕಂಬಗಳು. ಚಾವಡಿಯ ಮುಚ್ಚಿಗೆಯಲ್ಲಿ ಒಂಬತ್ತು ಚೌಕಗಳ ಕೆತ್ತನೆ, ನಡುವೆ ಕಮಲ, ಸುತ್ತ ಎಂಟು ದಿಕ್ಪಾಲಕರು, ಪಡುವಣ ಗೋಡೆಯ ಉದ್ದಕ್ಕೂ ಗೋವರ್ಧನ ಎತ್ತಿದ ಕೃಷ್ಣನ ವರ್ಣಚಿತ್ರ. ಮಾಡು ಸೋರುತ್ತಿದ್ದುದರಿಂದ ಬೇಸಿಗೆಯಲ್ಲಿ ರಿಪೇರಿ ಮಾಡಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಒಂದೊಂದು ಕಂಬ, ಒಂದೊಂದು ಕೆತ್ತನೆ, ಗೋಡೆಯ ಒಂದೊಂದು ಗೇಣು ಫೋಟೋದಲ್ಲಿ ದಾಖಲಾಗಬೇಕು. ಆ ಕೆಲಸದ ಉಸ್ತುವಾರಿ ಮಂಗಳೂರಿನ ಶರತ್ಚಂದ್ರನದು. ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ ಕಲಿತ, ಇನ್ನೂ ನಲವತ್ತು ದಾಟದ ಆರ್ಕಿಟೆಕ್ಟ್. ದೊಡ್ಡ ಊರಿನ ಫೋಟೋಗ್ರಾಫರರನ್ನು ಕರೆಸಬಹುದಿತ್ತು, ಕರೆಸಲಿಲ್ಲ. ಕುಂಬಳೆಯ ರೆಜಿನಾಲ್ಡ ಕ್ರಾಸ್ತಾನ ಸ್ಟುಡಿಯೋಕ್ಕೆ ಬಂದು, ಕನ್ನಡಿಯ ಕಪಾಟಿನಲ್ಲಿ ಬಣ್ಣಗೆಟ್ಟು ಕೂತಿದ್ದ ಮದುಮಕ್ಕಳ ಫೋಟೋಗಳನ್ನು ನೋಡಿ, “ನಿಮಗೆ ಬೆಳಕು ಗೊತ್ತುಂಟು,” ಎಂದಿದ್ದ. ಮದುವೆಗಳಿಗೆ ಹುಡುಗರು ಡ್ರೋನ್ ಹಿಡಿದು ಬರತೊಡಗಿದ ಮೇಲೆ ರೆಜಿನಾಲ್ಡನಿಗೆ ಹಾಗೆ ಯಾರೂ ಹೇಳಿರಲಿಲ್ಲ. ಆ ಮಾತನ್ನು ಅವನು ಹೆಂಡತಿ ತೆರೆಜಾಳಿಗೂ ಹೇಳಲಿಲ್ಲ, ಹೇಳಿದರೆ ಸವೆಯುತ್ತದೆಂಬಂತೆ.

ಮೊದಲ ಎರಡು ಗಂಟೆ ಮುಚ್ಚಿಗೆಯಲ್ಲೇ ಕಳೆಯಿತು. ನೆಲದಲ್ಲಿ ಮಲಗಿ ಕ್ಯಾಮರಾವನ್ನು ಎದೆಯ ಮೇಲೆ ನಿಲ್ಲಿಸಿಕೊಂಡು, ಐರಾವತದ ಸೊಂಡಿಲಿನ ಸುಕ್ಕು, ಯಮನ ಕೋಣದ ಕೊಂಬಿನಲ್ಲಿ ಕಟ್ಟಿದ್ದ ಕಣಜದ ಗೂಡು, ಎಲ್ಲವನ್ನೂ ತೆಗೆದ. ಬೆನ್ನಿಗೆ ತಣ್ಣಗೆ ತಾಗುವ ಕಪ್ಪು ನೆಲ ಹಿತವಾಗಿತ್ತು. ಮಲಗಿ ಕೆಲಸ ಮಾಡುವವನಿಗೆ ಬರಿಮೈ ನೆನಪಾಗುವುದಿಲ್ಲ. ಅಷ್ಟರಲ್ಲಿ ಶರತ್ಚಂದ್ರನ ಫೋನು ಬಂತು.

“ರೆಜಿನಾಲ್ಡರೇ, ಮೂರು ಗಂಟೆಗೆ ನಾನೂ ಬರ್ತೇನೆ. ಒಂದು ವಿಷಯ. ಗೋವರ್ಧನದ ಗೋಡೆ ಉಂಟಲ್ಲ, ಅದನ್ನು ಎದುರಿನ ಬೆಳಕಲ್ಲಿ ಒಮ್ಮೆ ತೆಗೀರಿ, ಮತ್ತೆ ಪಕ್ಕದ ಬೆಳಕಲ್ಲಿ ಒಮ್ಮೆ. ಲೈಟು ಗೋಡೆಗೆ ತಾಗಿಸಿದ ಹಾಗೆ ಓರೆಗೆ ಹಿಡಿದರೆ ಉಬ್ಬುತಗ್ಗು ಪೂರಾ ಕಾಣ್ತದಲ್ಲ, ಹಾಗೆ.”

“ಏಕೆ? ಎಂತಾದ್ರೂ ಸಂಶಯ ಉಂಟಾ?”

“ಬಣ್ಣ ಹೊಸದು ಅಂತ ನನ್ನ ಲೆಕ್ಕ. ಯಾರೋ ಮೇಲಿಂದ ಬಳಿದಿದ್ದಾರೆ. ಕೆಳಗೆ ಹಳೆಯ ಚಿತ್ರ ಇದ್ದರೆ ಮೇಲಿನದ್ದನ್ನು ತೆಗೆಸುವ. ಮೆನೇಜರ ಹತ್ರ ಈಗ ಹೇಳ್ಬೇಡಿ, ಬೇಜಾರು ಮಾಡ್ಕೊಳ್ತಾರೆ. ಬೋರ್ಡಿನಲ್ಲಿ ನಾನೂರು ವರ್ಷ ಅಂತ ಬರ್ಸಿದ್ದಾರಲ್ಲ.”

ರೆಜಿನಾಲ್ಡ ಎದ್ದು ಲೈಟುಗಳನ್ನು ಪಡುವಣ ಗೋಡೆಯ ಕಡೆಗೆ ಸಾಗಿಸಿದ. ಅದುವರೆಗೆ ಅದನ್ನು ದೂರದಿಂದ ನೋಡಿದ್ದ, ಅಷ್ಟೆ. ನೀಲಿಯ ಒಬ್ಬ ಕೃಷ್ಣ, ಹಸುರಿನ ಒಂದು ಗುಡ್ಡ, ಗುಡ್ಡದ ಕೆಳಗೆ ಹಸು, ಜನ. ಗೋಡೆಯ ಬಲತುದಿಯಿಂದ, ನೆಲದ ಮಟ್ಟದಿಂದ ಶುರು ಮಾಡಿದ. ಕ್ಯಾಮರಾವನ್ನು ತಗ್ಗಿಸಿ ಕುಕ್ಕರಗಾಲಿನಲ್ಲಿ ಕೂತು ಕಣ್ಣಿಟ್ಟ. ಕಣ್ಣಿಗೆ ಮೊದಲು ಬಿದ್ದದ್ದು ಗೋವಳರ ಕಾಲುಗಳು.

ಸಾಲಾಗಿ ಹದಿನಾಲ್ಕು ಜೊತೆ ಕಾಲುಗಳು. ಇಂಥ ಚಿತ್ರಗಳಲ್ಲಿ ಕಾಲೆಂದರೆ ಸಾಮಾನ್ಯವಾಗಿ ಒಂದೇ ಅಚ್ಚಿನ ಮೆತ್ತನೆಯ ಆಕಾರ, ಬೆರಳುಗಳು ಬಾಳೆಕಾಯಿಯ ಚಿಪ್ಪಿನ ಹಾಗೆ. ಇವು ಹಾಗಿರಲಿಲ್ಲ. ಒಬ್ಬನ ಹಿಮ್ಮಡಿ ಒಡೆದು ಬಿರುಕಿನೊಳಗೆ ಕೆಮ್ಮಣ್ಣು ಕೂತಿತ್ತು. ಒಬ್ಬಳ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಒಬ್ಬ ಮುದುಕ ಭಾರವನ್ನೆಲ್ಲ ಎಡಗಾಲಿಗೆ ಹಾಕಿ ಬಲಗಾಲನ್ನು ಸಡಿಲ ಬಿಟ್ಟಿದ್ದ, ಮಳೆ ನಿಲ್ಲುವುದಕ್ಕೆ ಬಹಳ ಹೊತ್ತಿನಿಂದ ಕಾಯುತ್ತಿರುವವನು ನಿಲ್ಲುವ ಹಾಗೆ. ಪ್ರತಿ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಒಂದು ಬಿಳಿಯ ಗೆರೆ.

ಆ ಬಿಳಿಯ ಗೆರೆ ಅವನಿಗೆ ಗೊತ್ತಿತ್ತು. ಅವನ ಬೆರಳು ಕ್ಯಾಮರಾದ ಮೇಲೆ ಇದ್ದಲ್ಲೇ ನಿಂತಿತು. ಇಗರ್ಜಿಯ ಪಕ್ಕದ ಕೋಣೆಯಲ್ಲಿ ಸಂತ ಅಂತೋನಿಯ ಪ್ರತಿಮೆಯನ್ನು ಮಲಗಿಸಿ, ಅದರ ಪಾದಗಳ ಎದುರು ಮಂಡಿಯೂರಿ ಕೂತ ಪಪ್ಪ. ಹಬ್ಬಕ್ಕೆ ಮೊದಲು ಪ್ರತಿ ವರ್ಷ ಆ ಕೆಲಸ ಇರುತ್ತಿತ್ತು. ಜನ ಬೇಡಿಕೊಳ್ಳುವಾಗ ಮುಟ್ಟಿ ಮುಟ್ಟಿ, ಮುತ್ತಿಟ್ಟು ಮುತ್ತಿಟ್ಟು ಸಂತರ ಪಾದಗಳ ಬಣ್ಣ ಹೋಗುತ್ತದೆ, ಒಳಗಿನ ಗಾರೆ ಕಾಣುತ್ತದೆ. ಮುಖ ಹತ್ತು ವರ್ಷವಾದರೂ ಹಾಗೇ ಇರುತ್ತದೆ. ಮುಖ ಬರೆಯಲು ಮಂಗಳೂರಿನಿಂದ ದೊಡ್ಡ ಕಲಾವಿದರು ಬರುತ್ತಿದ್ದರು. ಪಾದಗಳು ಲಿಗೋರಿ ಕ್ರಾಸ್ತಾನ ಪಾಲಿಗೆ. “ನಡೆದು ಬಂದವರು ಪುತಾ ಇವರು,” ಎನ್ನುತ್ತಿದ್ದರು ಪಪ್ಪ ಕೊಂಕಣಿಯಲ್ಲಿ, ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತ. “ಕಾಲು ಸರಿಯಾದರೆ ಉಳಿದದ್ದು ತಾನೇ ನಿಲ್ತದೆ.” ಕೊನೆಗೆ ಹೆಬ್ಬೆರಳಿನ ಉಗುರಿಗೆ ಒಂದು ಬಿಳಿಯ ಗೆರೆ. ಅದನ್ನು ಎಳೆಯುವಾಗ ಉಸಿರು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಚಿಕ್ಕ ರೆಜಿನಾಲ್ಡನೂ ಉಸಿರು ಬಿಡುತ್ತಿರಲಿಲ್ಲ.

ವರ್ಷಕ್ಕೆ ನಾಲ್ಕು ದಿನ ಸಂತರ ಪಾದ. ಉಳಿದ ದಿನ ಪಪ್ಪ ಬೋರ್ಡು ಬರೆಯುವವರು. ರೇಷನ್ ಅಂಗಡಿ, ಬಸ್ಸಿನ ಹಣೆ, ಶಾಲೆಯ ಗೋಡೆ, ಮೂರು ಲಿಪಿಯಲ್ಲಿ, ಕನ್ನಡಕ್ಕೆ ತಲೆಕಟ್ಟು, ಮಲಯಾಳಕ್ಕೆ ಗುಂಡನೆಯ ಹೊಟ್ಟೆ. ಎಂಟನೇ ಕ್ಲಾಸಿನಲ್ಲಿದ್ದಾಗ ರೆಜಿನಾಲ್ಡ ಮೂವರು ಗೆಳೆಯರ ಜೊತೆ ಕುಂಬಳೆ ಬಸ್‌ಸ್ಟ್ಯಾಂಡಿನ ಹಿಂದಿನ ದಾರಿಯಲ್ಲಿ ಬರುತ್ತಿದ್ದ. ನಾರುವ ಒಂದು ಗೋಡೆಯ ಎದುರು, ಮೂಗಿಗೆ ಪಂಜಿ ಬಟ್ಟೆ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತ ಪಪ್ಪ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆಯುತ್ತಿದ್ದರು. “ಅದು ನಿನ್ನ ಅಪ್ಪ ಅಲ್ವಾ?” ಎಂದು ಒಬ್ಬ ಕೇಳಿದ. “ಅಲ್ಲ,” ಎಂದ ರೆಜಿನಾಲ್ಡ. ದೂರ ಹೆಚ್ಚಿರಲಿಲ್ಲ. ಪಪ್ಪನ ಬ್ರಶ್ಶು ‘ದು’ವಿನ ಕೊಂಬಿನ ಹತ್ತಿರ ಒಂದು ಗಳಿಗೆ ನಿಂತಿತು, ಮತ್ತೆ ಕೊಂಬನ್ನು ತಿರುಗಿಸಿ ಮುಗಿಸಿತು. ತಲೆ ತಿರುಗಲಿಲ್ಲ. ಮನೆಯಲ್ಲಿ ಆ ಬಗ್ಗೆ ಮಾತೂ ಬರಲಿಲ್ಲ. ಆದರೆ ಆಮೇಲೆ ಪೇಟೆಯಲ್ಲಿ ಕೆಲಸ ಇದ್ದರೆ ಪಪ್ಪ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಡಬ್ಬ ಕಟ್ಟಿ ಎದ್ದುಬಿಡುತ್ತಿದ್ದರು. ಇದು ಅವನಿಗೆ ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು, ಗೊತ್ತಾದ ಮೇಲೆ ಕೇಳುವ ಧೈರ್ಯ ಬರಲಿಲ್ಲ.

“ಎಂತ, ಕಾಲಲ್ಲೇ ನಿಂತುಬಿಟ್ಟಿರಿ?” ಮೆನೇಜರು ಹಿಂದೆ ಬಂದು ನಿಂತಿದ್ದರು. “ಎಲ್ಲರೂ ಹಾಗೇ. ಬಂದವರೆಲ್ಲ ಕೃಷ್ಣನನ್ನು ಬಿಟ್ಟು ಈ ಕಾಲು ನೋಡ್ತಾರೆ. ನಾನೂರು ವರ್ಷದ ಹಿಂದಿನವರ ಕೈ ನೋಡಿ. ಈಗಿನವರಿಗೆ ಸಾಧ್ಯ ಉಂಟಾ?”

“ಇಲ್ಲ,” ಎಂದ ರೆಜಿನಾಲ್ಡ.

ಮೆನೇಜರು ಹೋದ ಮೇಲೆ ಅವನು ಎದುರಿನ ಬೆಳಕಿನಲ್ಲಿ ಗೋಡೆಯನ್ನು ತೆಗೆಯತೊಡಗಿದ. ಎರಡು ಬಿಳಿಯ ಕೊಡೆಗಳನ್ನು ಎರಡು ಬದಿಗೆ ನಿಲ್ಲಿಸಿ, ಬೆಳಕನ್ನು ಹಾಲಿನ ಹಾಗೆ ತೆಳುವಾಗಿ ಹರಡಿದ. ಈ ಬೆಳಕಿನಲ್ಲಿ ಮದುಮಗಳ ಮುಖದ ಮೊಡವೆ ಕಾಣುವುದಿಲ್ಲ, ಗೋಡೆಯ ಉಬ್ಬುತಗ್ಗೂ ಕಾಣುವುದಿಲ್ಲ. ಇದು ಮೋಸವಲ್ಲ, ಕೇಳಿದ್ದನ್ನೇ ಮಾಡುತ್ತಿದ್ದೇನೆ, ಪಕ್ಕದ ಬೆಳಕಿನದ್ದು ಆಮೇಲೆ, ಎಂದುಕೊಂಡ. ಅಂದುಕೊಳ್ಳುವಾಗಲೇ ಆಮೇಲೆ ಎನ್ನುವ ಮಾತು ಬಾಯಿಯೊಳಗೆ ಹಳಸಲಾಗಿ ಹತ್ತಿತು. ಕೊನೆಯ ವರ್ಷಗಳಲ್ಲಿ ಪಪ್ಪನ ಕೈ ನಡುಗುತ್ತಿತ್ತು. ಚಾ ಕುಡಿಯಲು ಬಸಿಯನ್ನು ಮೇಜಿನ ಮೇಲಿಟ್ಟು ಬಾಯಿಯನ್ನೇ ಬಗ್ಗಿಸಬೇಕಾಗಿತ್ತು. ಒಂದು ದಿನ ಹೇಳಿದ್ದರು, “ಕ್ಯಾಮರಾ ತೆಗೊಂಡು ನನ್ನೊಟ್ಟಿಗೆ ಬಾ ಪುತಾ, ಮುಳ್ಳೇರಿಯದ ಆಚೆ ಒಂದು ಜಾಗೆ ಉಂಟು. ಏಕೆ ಎಂತ ಕೇಳ್ಬೇಡ. ಒಂದು ಫೋಟೋ ತೆಗೆದರೆ ಸಾಕು.” ಮದುವೆಯ ಸೀಸನ್ ಆಗಿತ್ತು. ಆಮೇಲೆ ಹೋಗುವ ಪಪ್ಪ, ಎಂದಿದ್ದ ರೆಜಿನಾಲ್ಡ. ಪಪ್ಪ ಮತ್ತೆ ಒಂದು ಸಲ ಕೇಳಿದರು, ಮೂರನೆಯ ಸಲ ಕೇಳಲಿಲ್ಲ. ಶವಪೆಟ್ಟಿಗೆಯೊಳಗೆ ಆ ಕೈಗಳು ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ನಡುಗದೆ ಇದ್ದುವು. ಅದನ್ನೂ ಅವನು ಫೋಟೋ ತೆಗೆದಿದ್ದ, ಅಭ್ಯಾಸಬಲದಿಂದ, ಒಳ್ಳೆಯ ಬೆಳಕಿನಲ್ಲಿ.

ಊಟಕ್ಕೆ ಮೆನೇಜರು ಒಳಗೆ ಕರೆದರು. “ಈಗ ಮೊದಲಿನ ಹಾಗೆ ಎಂತದೂ ಇಲ್ಲ, ಎಲ್ಲರೂ ಒಟ್ಟಿಗೆ ಕೂರುದು,” ಎಂದರು. ಅದು ನಿಜವೇ ಇತ್ತು. ಭೋಜನಶಾಲೆಯಲ್ಲಿ ಮಾಡಿನ ಅಳತೆ ತೆಗೆಯಲು ಬಂದಿದ್ದ ಬಡಗಿಗಳು, ಲಾರಿಯ ಡ್ರೈವರ ಎಲ್ಲರೂ ಕೂತಿದ್ದರು. ಆದರೆ ಕ್ಯಾಮರಾ ಬಿಟ್ಟು ಬರುವ ಹಾಗಿಲ್ಲವೆಂದು ನೆಪ ಹೇಳಿ ರೆಜಿನಾಲ್ಡ ಚಾವಡಿಯ ಹೊರಗಿನ ಜಗಲಿಯಲ್ಲೇ ಉಳಿದ. ಯಾರ ಎದುರೂ ಕೂರುವುದು ಬೇಡವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅಂಗಳ ಗುಡಿಸುವ, ಪಾತ್ರೆ ತೊಳೆಯುವ ಪರಮೇಶ್ವರಿ ಬಾಳೆಲೆ ಹಾಸಿ ಅನ್ನ, ಕುಂಬಳಕಾಯಿಯ ಹುಳಿ ತಂದಿಟ್ಟಳು. ಎಪ್ಪತ್ತರ ಆಸುಪಾಸಿನ ಹೆಂಗಸು, ಬೆನ್ನು ಮಾತ್ರ ನೆಟ್ಟಗೆ. ಬಡಿಸಿ ಹೋಗದೆ ಕಂಬಕ್ಕೆ ಒರಗಿ ನಿಂತಳು.

“ಇಲ್ಲಿಯೇ ಕೂತಿರಾ,” ಎಂದಳು. “ನೀವು ಪೊರ್ಬುಗಳಾ?”

ಊರಿನಲ್ಲಿ ಕ್ರಿಶ್ಚಿಯನರಿಗೆ ಇರುವ ಹಳೆಯ ಹೆಸರು. ಈಗ ಯಾರೂ ಮುಖದೆದುರು ಹೇಳುವುದಿಲ್ಲ. ಅವಳ ಬಾಯಲ್ಲಿ ಅದು ಬೈಗುಳವಾಗಿ ಕೇಳಲಿಲ್ಲ, ಹಳೆಯ ಪರಿಚಯದ ಹಾಗೆ ಕೇಳಿತು. ಹೌದೆಂದ.

“ಮೊದಲು ಒಬ್ಬರು ಪೊರ್ಬುಗಳು ಇದೇ ಜಾಗೆಯಲ್ಲಿ ಕೂತು ಉಣ್ತಿದ್ದರು. ಆಗ ಭೋಜನಶಾಲೆಗೆ ಬಿಡ್ತಿರಲಿಲ್ಲ. ಅವರಿಗೆ ಬಡಿಸುದು ನನ್ನ ಕೆಲಸ, ನನ್ನನ್ನೂ ಅಲ್ಲಿಗೆ ಬಿಡ್ತಿರಲಿಲ್ಲ ಅಲ್ವಾ. ನಲ್ವತ್ತು ದಿವಸ ಇದ್ದರು. ಕುಂಬಳೆ ಕಡೆಯವರು. ಲಿಗೋರಿ ಅಂತ ಹೆಸರು. ನಿಮಗೆ ಗೊತ್ತುಂಟಾ?”

ಎಲೆಯ ಮೇಲೆ ಅವನ ಕೈ ನಿಂತಿತು. ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಆ ಒಂದು ಉಸಿರಿನಲ್ಲಿ ಅವನಿಗೆ ಶರತ್ಚಂದ್ರನ ಸ್ವರ ಕೇಳಿತು, ಮೇಲಿನದ್ದನ್ನು ತೆಗೆಸುವ. ಬರೆದವರು ಯಾರೆಂದು ತಿಳಿದ ಕೂಡಲೇ ಅದು ನಾನೂರು ವರ್ಷದ್ದಲ್ಲ ಎಂದಾಗುತ್ತದೆ. ಹೇಳದೆ ಇದ್ದರೆ ಮಾತ್ರ ಉಳಿಯುತ್ತದೆ. ಕಾರಣ ಸರಿಯಾಗಿಯೇ ಇತ್ತು. ಆದರೂ ಬಾಯಿಯಿಂದ ಹೊರಟ ಮಾತು ಎಂಟನೇ ಕ್ಲಾಸಿನ ಹುಡುಗನದೇ ಆಗಿತ್ತು.

“ಇಲ್ಲ, ಗೊತ್ತಿಲ್ಲ.”

“ಹೌದಾ,” ಎಂದಳು ಪರಮೇಶ್ವರಿ. ಇನ್ನೊಂದು ಸೌಟು ಅನ್ನ ಹಾಕಲು ಬಂದಳು. ಅವನು ಅಂಗೈಯನ್ನು ಎಲೆಗೆ ಅಡ್ಡ ಹಿಡಿದು ಸಾಕೆಂದ. ಅವಳು ಆ ಕೈಯನ್ನು ನೋಡುತ್ತ ತುಸು ಹೊತ್ತು ನಿಂತು, ಪಾತ್ರೆ ಎತ್ತಿಕೊಂಡು ಹೋದಳು.

ಕೈ ತೊಳೆದು ಬಂದಾಗ ಚಾವಡಿಯಲ್ಲಿ ಯಾರೂ ಇರಲಿಲ್ಲ. ನೋಡಿಬಿಡಬೇಕೆಂದು ಅವನಿಗೆ ಅನ್ನಿಸಿತು, ತನಗಾಗಿ ಮಾತ್ರ. ಉದ್ದನೆಯ ಲೈಟನ್ನು ಹೊತ್ತಿಸಿ ಗೋಡೆಗೆ ತಾಗಿಸಿದಂತೆ ನಿಲ್ಲಿಸಿದ. ಬಣ್ಣಗಳೆಲ್ಲ ಒಮ್ಮೆಲೇ ಹಿಂದೆ ಸರಿದು ಗೋಡೆಯ ಚರ್ಮ ಎದ್ದು ಬಂತು. ಗೋವಳರ ಕಾಲುಗಳ ಅಡಿಯಲ್ಲಿ, ಹಸುಗಳ ಹೊಟ್ಟೆಯ ಅಡಿಯಲ್ಲಿ, ಮೇಲೆ ಗುಡ್ಡದ ತುದಿಯವರೆಗೂ ಸಣ್ಣ ಸಣ್ಣ ಕಮಾನಿನಂಥ ತಗ್ಗುಗಳು, ಉಗುರಿನಿಂದ ಗೀಚಿದ ಹಾಗೆ, ನೂರಾರು, ಒಂದರ ಮೇಲೊಂದು. ಇದೇನೆಂದು ತಿಳಿಯಲಿಲ್ಲ. ಕೆಳಗಿನ ಹಳೆಯ ಚಿತ್ರದ ಗೆರೆಗಳಿರಬೇಕು ಎಂದುಕೊಂಡ. ಒಂದು ಫೋಟೋ ತೆಗೆದ. ಕ್ಯಾಮರಾದ ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ, ಆಮೇಲೆ ಅಳಿಸಿದ. ಅಳಿಸುವುದು ಖಂಡಿತವೇ ಎಂದು ಕ್ಯಾಮರಾ ಕೇಳಿತು. ಹೌದೆಂದು ಒತ್ತಿದ.

ಶರತ್ಚಂದ್ರ ಮೂರಕ್ಕೆ ಸರಿಯಾಗಿ ಬಂದ. ಅಂಗಿಯನ್ನು ಗೂಟಕ್ಕೆ ಹಾಕುತ್ತಲೇ ಮಾತಾಡಿದ, ಅವನಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಮುಚ್ಚಿಗೆಯ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿ, “ಚಂದ ಬಂದಿದೆ ರೆಜಿನಾಲ್ಡರೇ,” ಎಂದ. ಆ ಹೊಗಳಿಕೆ ರೆಜಿನಾಲ್ಡನೊಳಗೆ ಇಳಿಯಲು ಜಾಗ ಸಿಗದೆ ಹಾಗೇ ನಿಂತಿತು.

“ಪಕ್ಕದ ಬೆಳಕಿನದ್ದು?”

“ಆ ಲೈಟಿನ ಬ್ಯಾಟರಿ ಹೋಗಿದೆ.”

“ಅಷ್ಟೇ ಅಲ್ವಾ, ಸದ್ಯಕ್ಕೆ ಮೊಬೈಲು ಸಾಕು.” ಶರತ್ಚಂದ್ರ ಫೋನಿನ ಟಾರ್ಚು ಹಾಕಿ ಗೋಡೆಗೆ ಕೆನ್ನೆ ಆನಿಸಿ ನೋಡಿದ. ಅವನ ಮುಖ ಅರಳುವುದನ್ನು ರೆಜಿನಾಲ್ಡ ಪಕ್ಕದಿಂದ ಕಂಡ. “ಉಂಟು, ಕೆಳಗೆ ಎಂತದೋ ಉಂಟು. ನೋಡಿ, ಎಷ್ಟು ಗೆರೆ.” ಮೆನೇಜರೂ ಬಂದು ನಿಂತಿದ್ದರು. ಶರತ್ಚಂದ್ರ ಅವರಿಗೆ ಮೆಲ್ಲಗೆ, ನೋವಾಗದ ಹಾಗೆ ವಿವರಿಸಿದ. ಮೇಲಿನ ಈ ಬಣ್ಣ ಬಹಳ ಹಳತಲ್ಲ. ಇದನ್ನು ಮದ್ದು ಹಾಕಿ, ಹತ್ತಿಯಲ್ಲಿ ಒರಸಿ, ಸೂಕ್ಷ್ಮವಾದ ಚೂರಿಯಲ್ಲಿ ಪದರ ಪದರ ತೆಗೆಯುವ ಜನ ಇದ್ದಾರೆ. ಬೇಸಿಗೆಗೆ ಕರೆಸಬಹುದು. ಆಮೇಲೆ ನಿಜವಾದ ನಾನೂರು ವರ್ಷದ್ದು ಕಾಣುತ್ತದೆ.

“ಹಾಗಾದರೆ ಈ ಕಾಲುಗಳು?” ಎಂದು ಮೆನೇಜರು ಕೇಳಿದರು.

“ಅವೂ ಹೋಗ್ತವೆ. ಪಾಪ, ಯಾರೋ ಚೆನ್ನಾಗಿಯೇ ಬರ್ದಿದ್ದಾರೆ. ಯಾರಂತ ಗೊತ್ತಿಲ್ಲ.”

ರೆಜಿನಾಲ್ಡ ಟ್ರೈಪಾಡಿನ ಒಂದು ಕಾಲನ್ನು ಮಡಚುತ್ತಿದ್ದ. ಅದರ ತಿರುಪು ಬಿಗಿಯಾಗಿತ್ತು, ಬಿಚ್ಚಲು ಬರಲಿಲ್ಲ. ಅದನ್ನೇ ತಿರುಗಿಸುತ್ತ, ತಲೆ ಎತ್ತದೆ, ಯಾರದೋ ವಿಷಯ ಹೇಳುವವನಂತೆ ಹೇಳಿದ:

“ಅದು ನನ್ನ ಅಪ್ಪ ಬರೆದದ್ದು.”

ಮಾತು ಹೊರಗೆ ಬಂದ ಮೇಲೆ ಆಶ್ಚರ್ಯವಾದದ್ದು ಅವನಿಗೇ. ಹೇಳಿ ಏನು ಉಳಿಸಿದಂತಾಯಿತು? ಏನೂ ಇಲ್ಲ. ಸುಮ್ಮನಿದ್ದರೂ ಅದು ಹೋಗುವುದು ಹೋಗುತ್ತಿತ್ತು. ಈಗ ಹೋಗುವುದಕ್ಕೆ ಇನ್ನೂ ಸಲೀಸಾಯಿತು. ಆದರೆ ಯಾರೋ ಎಂಬ ಆ ಒಂದು ಮಾತನ್ನು ನುಂಗಿಕೊಳ್ಳುವುದು ಅವನಿಂದ ಆಗಲಿಲ್ಲ. “ಲಿಗೋರಿ ಕ್ರಾಸ್ತಾ,” ಎಂದು ಮತ್ತೆ ಹೇಳಿದ. “ಬೋರ್ಡು ಬರೀತಿದ್ದರು, ಕುಂಬಳೆಯಲ್ಲಿ. ಇಗರ್ಜಿಯಲ್ಲಿ ಪ್ರತಿಮೆಗಳ ಕಾಲಿಗೆ ಬಣ್ಣ ಕೊಡ್ತಿದ್ದರು. ನನಗೆ ಇವತ್ತು ಬೆಳಿಗ್ಗೆ ನೋಡಿದ ಮೇಲೆ ಗೊತ್ತಾದದ್ದು. ಲೈಟಿನ ಬ್ಯಾಟರಿ ಹೋಗಲಿಲ್ಲ, ನಾನು ಸುಳ್ಳು ಹೇಳಿದೆ. ಒಂದು ಫೋಟೋ ತೆಗೆದು ಅಳಿಸಿದೆ.”

ಮೆನೇಜರು ಎರಡು ಹೆಜ್ಜೆ ಹಿಂದೆ ಸರಿದು ಕಂಬ ಹಿಡಿದುಕೊಂಡರು. ಶರತ್ಚಂದ್ರ ಟಾರ್ಚು ಆರಿಸಿದ. “ರೆಜಿನಾಲ್ಡರೇ,” ಎಂದ ಕೊನೆಗೆ, “ನಿಮ್ಮ ತಂದೆಯ ಕೆಲಸದ ಮೇಲೆ ನನಗೆ ಗೌರವ ಉಂಟು, ಸತ್ಯ. ರಿಪೋರ್ಟಿನಲ್ಲಿ ಹೆಸರು ಹಾಕ್ತೇನೆ. ಆದರೆ ಕೆಳಗೆ ಹಳೆಯದು ಇರುವಾಗ ಅದನ್ನು ಮುಚ್ಚಿ ಇಡುದು—”

“ಕೆಳಗೆ ಎಂತದೂ ಇಲ್ಲ.”

ಪರಮೇಶ್ವರಿ ಅಂಗಳದ ಮೆಟ್ಟಿಲಿನ ಹತ್ತಿರ ಗುಡಿಸುವ ಹಿಡಿಸೂಡಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರಸಿಕೊಂಡು ಮೇಲೆ ಬಂದಳು.

“ಎಂತ ಹೇಳ್ತೀ ನೀನು?” ಎಂದರು ಮೆನೇಜರು.

“ಇದ್ದದ್ದು ಹೇಳ್ತೇನೆ. ಈಗಿನ ಸ್ವಾಮಿಗಳ ಗುರುಗಳಿಗೆ ಪಟ್ಟ ಆಗುವ ವರ್ಷ. ನೀವು ಆಗ ಇಲ್ಲಿ ಇರಲಿಲ್ಲ. ಗೋಡೆ ದೀಪದ ಮಸಿ ಹಿಡಿದು ಕಪ್ಪು, ಕಾವಲಿಯ ಹಾಗೆ. ಪಟ್ಟಕ್ಕೆ ಜನ ಬರ್ತಾರೆ, ಉಜ್ಜಿ ತೊಳೀರಿ ಅಂತ ಅಪ್ಪಣೆ ಆಯ್ತು. ನಾವು ಆರು ಹೆಂಗಸರು. ಅಲ್ಲಿ ಚಿತ್ರ ಉಂಟು ಅಂತ ನಮಗೆ ಯಾರೂ ಹೇಳಲಿಲ್ಲ. ಅವರಿಗೂ ನೆನಪಿರಲಿಲ್ಲವೋ ಎಂತದೋ. ಬೂದಿ ನೀರಲ್ಲಿ ಹೋಗ್ಲಿಲ್ಲ. ಮತ್ತೆ ಗೆರಟೆಯಲ್ಲಿ ಕೆರೆದೆವು.” ಅವಳು ಬಲಗೈಯನ್ನು ಒಡೆದ ತೆಂಗಿನ ಚಿಪ್ಪು ಹಿಡಿದ ಹಾಗೆ ಬಾಗಿಸಿ ಗಾಳಿಯಲ್ಲಿ ಕೆರೆದು ತೋರಿಸಿದಳು. ಆ ಕೈ ಎಳೆದ ಕಮಾನನ್ನು ರೆಜಿನಾಲ್ಡ ಮಧ್ಯಾಹ್ನ ಗೋಡೆಯಲ್ಲಿ ನೂರಾರು ಸಲ ನೋಡಿದ್ದ. “ಕೆರೆದ ಹಾಗೆ ನೀರು ಕೆಂಪು ಆಯ್ತು, ಹಸುರು ಆಯ್ತು. ಮಸಿಯ ಅಡಿಯಿಂದ ಒಂದು ಕಣ್ಣು ಬಂತು. ನಾನು ಕೆರೆಯುವ ಜಾಗೆಯಲ್ಲಿ. ಹಸುವಿನ ಕಣ್ಣು.”

ಅವಳು ಬಾಗಿಸಿ ಹಿಡಿದ ಕೈಯನ್ನು ಕೆಳಗಿಳಿಸಿದಳು.

“ಉಳಿದವರು ನೋಡಲಿಲ್ಲ, ನಾನು ನೋಡಿದೆ. ಇದು ಚಿತ್ರ ಅಂತ ನನಗೆ ಅಂದಾಜಾಯ್ತು. ಹೇಳಿದರೆ ಕೆಲಸ ನಿಲ್ತದೆ, ಹೋಗಿ ಯಾರನ್ನಾದ್ರೂ ಕರೀಬೇಕು, ಕೇಳ್ಬೇಕು, ಹೊತ್ತಾಗ್ತದೆ. ಮನೆಯಲ್ಲಿ ಮೂರು ತಿಂಗಳ ಮಗು ಹಾಲಿಗೆ ಕೂಗ್ತಾ ಉಂಟು, ಹಾಲು ಇಳಿದು ನನ್ನ ರವಕೆ ಚಂಡಿ ಆಗಿತ್ತು. ಬೇಗ ಮುಗಿಸಿ ಹೋಗುವ ಅಂತ ಆ ಕಣ್ಣನ್ನೂ ಕೆರೆದೆ. ನಾನೇ ಕೆರೆದದ್ದು. ಸಂಜೆ ಹೊತ್ತಿಗೆ ಗೋಡೆ ಬಿಳಿ.”

ಮಾಡಿನ ಮೇಲೆ ಬಡಗಿಯೊಬ್ಬ ತಗಡು ಬಡಿದು ನೋಡುವ ಸದ್ದು ಕೇಳಿ ನಿಂತಿತು.

“ಮರುದಿನ ದೊಡ್ಡವರಿಗೆ ಗೊತ್ತಾಗಿ ಗಾಬರಿ. ಪಟ್ಟಕ್ಕೆ ಎರಡು ತಿಂಗಳು ಉಂಟು. ಎಲ್ಲಿಂದಲೋ ಪೊರ್ಬುಗಳನ್ನು ಕರ್ಕೊಂಡು ಬಂದರು. ಹಳೆಯದು ಎಂತ ಇತ್ತು ಅಂತ ಅವರಿಗೆ ಸರಿಯಾಗಿ ಹೇಳುವವರು ಕೂಡ ಇಲ್ಲ. ಕೃಷ್ಣ, ಗುಡ್ಡೆ, ಹಸು, ಜನ, ಅಷ್ಟೆ. ಜನರ ಕಾಲು ಬರೀಲಿಕ್ಕೆ ನಮ್ಮನ್ನೇ ನಿಲ್ಲಿಸಿದರು, ಅಂಗಳದಲ್ಲಿ, ಕೆಲಸದವರನ್ನು ಒಬ್ಬೊಬ್ಬರನ್ನೇ. ಯಾರಿಗೂ ಹೇಳುದಿಲ್ಲ ಅಂತ ಮಾತು ಕೊಟ್ಟು ಹೋದರು. ಹೇಳಲಿಲ್ಲ ಕಾಣ್ತದೆ, ಮಗನಿಗೂ.” ಅವಳು ರೆಜಿನಾಲ್ಡನ ಕಡೆಗೆ ತಿರುಗಿದಳು. “ಗೊತ್ತಿಲ್ಲ ಅಂದಿ ನೀನು. ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದಾಗಲೇ ನನಗೆ ಗೊತ್ತಾಗಿತ್ತು. ಅವರೂ ಹಾಗೇ, ಹೊಟ್ಟೆ ತುಂಬುವ ಮೊದಲೇ ಸಾಕು ಅಂತಿದ್ದರು. ಇದ್ದಾರಾ?”

“ಇಲ್ಲ. ಹೋಗಿ ಹದಿನೈದು ವರ್ಷ ಆಯ್ತು.”

“ಕಷ್ಟ ಪಟ್ಟರಾ?”

“ಕೈ ನಡುಗ್ತಿತ್ತು,” ಎಂದ ರೆಜಿನಾಲ್ಡ. “ಇಲ್ಲಿಗೆ ಬರ್ಬೇಕು ಅಂತ ಹೇಳಿದ್ದರು. ನಾನು ಕರ್ಕೊಂಡು ಬರ್ಲಿಲ್ಲ.”

ಅವಳು ಛೇ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ತಲೆ ಆಡಿಸಿದಳು, ಅಂಥದ್ದೂ ಉಂಟು ಎನ್ನುವ ಹಾಗೆ. ಅದಕ್ಕಿಂತ ಹೆಚ್ಚಿನದನ್ನು ಈ ಹದಿನೈದು ವರ್ಷಗಳಲ್ಲಿ ಅವನು ಪಾದ್ರಿಯ ಎದುರು ಪಾಪನಿವೇದನೆಗೆ ಮಂಡಿಯೂರಿದಾಗಲೂ ಪಡೆದಿರಲಿಲ್ಲ.

ಶರತ್ಚಂದ್ರ ಮತ್ತೆ ಟಾರ್ಚು ಹಾಕಿ ಗೋಡೆಯನ್ನು ಉದ್ದಕ್ಕೂ ನೋಡಿದ. ಈ ಸಲ ಅವಸರವಿಲ್ಲದೆ, ಒಂದೊಂದು ತಗ್ಗಿಗೂ ಬೆರಳು ಇಟ್ಟು. ಬಹಳ ಹೊತ್ತಿನ ಮೇಲೆ, “ಹೌದು,” ಎಂದ. “ಇದು ಗೆರೆ ಅಲ್ಲ, ಕೆರೆದ ಗುರುತು. ಹಳೆಯ ಪದರ ಹೋಗಿಯೇ ಹೋಗಿದೆ. ಅಂದ ಮೇಲೆ ಮೇಲಿನದ್ದನ್ನು ತೆಗೆಯುವ ಮಾತೇ ಇಲ್ಲ. ಇರುವ ಚಿತ್ರ ಇದೊಂದೇ.” ಮೆನೇಜರ ಕಡೆ ನೋಡಿದ. “ಬೋರ್ಡು ಮಾತ್ರ ಬದಲಿಸ್ಬೇಕಾದೀತು.”

ಮೆನೇಜರು ಇನ್ನೂ ಕಂಬ ಬಿಟ್ಟಿರಲಿಲ್ಲ. “ಸ್ವಾಮಿಗಳು ಸಂಚಾರ ಮುಗಿಸಿ ಬರ್ಲಿ, ನಾನೇ ಹೇಳ್ತೇನೆ,” ಎಂದರು. ಸ್ವರ ಸಣ್ಣದಾಗಿತ್ತು. ಮತ್ತೆ, “ನಾನು ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಈ ಕಾಲು ತೋರಿಸ್ತಿದ್ದೆ. ಕಾಲಂತೂ ಸುಳ್ಳಲ್ಲ ಅಲ್ವಾ,” ಎಂದರು, ತಮ್ಮಷ್ಟಕ್ಕೇ ಎಂಬಂತೆ.

“ಆದರೆ ಇದಕ್ಕೆ ಪುರಾವೆ ಬೇಕು,” ಎಂದ ಶರತ್ಚಂದ್ರ. “ಕೆರೆದ ಗುರುತುಗಳ ಫೋಟೋ, ಒಂದೊಂದು ಅಡಿಯದ್ದೂ. ಬೆಳಕು ಹೋಗುವ ಮೊದಲು ಆಗ್ತದಾ ರೆಜಿನಾಲ್ಡರೇ? ಲೈಟು ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಮೂಲೆಗೆ ಮುಟ್ಟುದಿಲ್ಲ. ಕೈಯಲ್ಲಿ ಹಿಡೀಲಿಕ್ಕೆ ಮಾಡಿನಿಂದ ಯಾರನ್ನಾದ್ರೂ ಕರೀತೇನೆ.”

“ಯಾರನ್ನೂ ಕರೀಬೇಡಿ,” ಎಂದಳು ಪರಮೇಶ್ವರಿ. “ನಾನು ಹಿಡೀತೇನೆ.”

ರೆಜಿನಾಲ್ಡ ಲೈಟು ಹೊತ್ತಿಸಿ ಅವಳ ಕೈಗೆ ಕೊಟ್ಟ. ಅದು ಭಾರವಿಲ್ಲದ, ಕೋಲಿನಂಥ ಲೈಟು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಹಸುಳೆಯನ್ನು ತೆಗೆದುಕೊಳ್ಳುವ ಹಾಗೆ. ಗೋಡೆಗೆ ಹೇಗೆ ತಾಗಿಸಬೇಕು, ಎಷ್ಟು ಓರೆ ಮಾಡಬೇಕು ಎಂದು ಅವನು ತೋರಿಸಿದ. ಅವಳು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಳು, ಅವನು ಎದುರಿಗೆ ಕ್ಯಾಮರಾವನ್ನು ನೆಲದ ಮಟ್ಟಕ್ಕೆ ತಗ್ಗಿಸಿ ಕೂತ. ಶರತ್ಚಂದ್ರ ಚಾವಡಿಯ ಬಾಗಿಲು ಮುಚ್ಚಿದ. ಕತ್ತಲಲ್ಲಿ ಲೈಟಿನ ಬಿಳುಪು ಗೋಡೆಯನ್ನು ಸವರಿಕೊಂಡು ಹೋಯಿತು, ಒಂದೊಂದು ಕೆರೆತವೂ ತನ್ನ ನೆರಳಿನೊಂದಿಗೆ ಮೇಲೆದ್ದಿತು. ಆ ತಗ್ಗುಗಳೊಳಗೂ ಪಪ್ಪನ ಬಣ್ಣ ಹೋಗಿ ಕೂತಿತ್ತು. ಒಂದನ್ನೂ ಮೆತ್ತಿ ಸಪಾಟು ಮಾಡಿರಲಿಲ್ಲ, ಇದ್ದ ಗಾಯದ ಮೇಲೇ ಮೃದುವಾಗಿ ಬ್ರಶ್ಶು ಆಡಿಸಿದ್ದರು. ರೆಜಿನಾಲ್ಡ ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕ್ಯಾಮರಾದ ಗುಂಡಿ ಒತ್ತುವುದನ್ನೇ ಮರೆತ.

ಈ ಬೆಳಕಿನಲ್ಲಿ ಎರಡು ಸೆಕೆಂಡು ಏನೂ ಅಲುಗಬಾರದು. ಪರಮೇಶ್ವರಿಯ ಕೈ ನಡುಗುತ್ತಿತ್ತು, ನೆರಳುಗಳೆಲ್ಲ ಗೋಡೆಯ ಮೇಲೆ ಕದಲುತ್ತಿದ್ದವು. ಕೈ ಗಟ್ಟಿ ಹಿಡಿಯಿರಿ ಎಂದು ಅವನು ಹೇಳಲಿಲ್ಲ. ಕಾದ. ಅವಳೇ ಅದನ್ನು ನೋಡಿಕೊಂಡು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಕಟ್ಟಿದಳು. ನೆರಳು ನಿಂತಿತು. ಅವನು ಒತ್ತಿದ.

“ಆಯ್ತಾ?” ಎಂದಳು ಉಸಿರು ಬಿಟ್ಟು.

“ಇದೊಂದು ಆಯ್ತು ಅಮ್ಮ. ಇನ್ನೂ ತುಂಬ ಉಂಟು. ಕಾಲು ಸೋಲ್ತದೆ ನಿಮಗೆ.”

“ತೆಗಿ ಮಗಾ,” ಎಂದಳು ಪರಮೇಶ್ವರಿ, ಲೈಟನ್ನು ಒಂದು ಗೇಣು ಆಚೆಗೆ, ಹಸು ನಿಂತಿದ್ದ ಕಡೆಗೆ ಸರಿಸಿ. “ಎಷ್ಟು ಹೊತ್ತಾದರೂ ಆಗ್ಲಿ. ಇವತ್ತು ನನಗೆ ಮನೆಗೆ ಹೋಗ್ಲಿಕ್ಕೆ ಅವಸರ ಇಲ್ಲ.”